ಸಹಾಯ ಬೇಕು: ಓಪನ್ ಬ್ಯಾಕ್ ಹೆಡ್‌ಫೋನ್ ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸೆನ್‌ಹೈಸರ್ ಎಚ್‌ಡಿ 800 ಎಸ್ ಅಥವಾ ಆಡೀಜ್ ಎಲ್‌ಸಿಡಿ-ಎಕ್ಸ್, ಈ ಎರಡು ಓಪನ್ ಬ್ಯಾಕ್ (ಕಿವಿ ಮುಚ್ಚುವ ಬಟ್ಟಲಿನ ಹೊರಬದಿ ತೆರೆದಿರುವ) ಹೆಡ್‌ಫೋನ್‌ಗಳಲ್ಲಿ ಒಂದನ್ನು ತಗೊಳ್ಳಬೇಕು ಅಂತಿದ್ದೇನೆ. ಅಂಗಡಿಯಲ್ಲಿ ಕೇಳಿ ನೋಡಲು ಸಿಗುವುದು ಸ್ವಲ್ಪ ಹೊತ್ತು ಮಾತ್ರ.

ನಾನು ಜಾಸ್ತಿ ಕೇಳುವುದು ವೀಣೆ, ಹಿಂದೂಸ್ತಾನಿ ಗಾಯನ. ಗಾಯಕರ ದನಿಯ ಹಿಂದೆ ತಂಬೂರಿಯ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಬೇಕು, ಆದರೆ ತಾರಸ್ಥಾಯಿಗೆ ಹೋದಾಗ ಕಿವಿಗೆ ಚುಚ್ಚಬಾರದು. ಇದಕ್ಕೆ ಯಾವ ಥರದ ರೆಕಾರ್ಡಿಂಗ್ ಒಯ್ಯಲಿ?

ಇನ್ನೊಂದು ಗೊಂದಲ. ಸೆನ್‌ಹೈಸರ್‌ನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್, ಆಡೀಜ್‌ನದು 20 ಓಮ್, ಹಾಗಾಗಿ ಆಂಪ್ಲಿಫೈಯರ್‌ನ ವಾಲ್ಯೂಮ್ ಮುಟ್ಟದೆ ಬದಲಾಯಿಸಿದರೆ ಒಂದು ಜೋರಾಗಿ, ಇನ್ನೊಂದು ಮೆಲ್ಲಗೆ ಕೇಳುತ್ತದೆ. ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಅಲ್ವಾ? ಶಬ್ದ ಅಳೆಯುವ ಮೀಟರ್ ಇಲ್ಲದೆ ಎರಡರ ಜೋರನ್ನೂ ಸಮ ಮಾಡಿಕೊಳ್ಳುವುದು ಹೇಗೆ?

ನನಗೆ ನಿಜವಾದ ಚಿಂತೆ ತೂಕದ್ದು. ಸೆನ್‌ಹೈಸರ್ 330 ಗ್ರಾಂ, ಆಡೀಜ್ 600 ಗ್ರಾಂ ಆಸುಪಾಸು. ಹತ್ತು ನಿಮಿಷಕ್ಕೆ ಏನೂ ಗೊತ್ತಾಗುವುದಿಲ್ಲ, ಕುತ್ತಿಗೆ ಹಿಡಿಯುವುದು ಆಮೇಲೆ. ಜೊತೆಗೆ ಕನ್ನಡಕ ಬೇರೆ, ಅದರ ಕಡ್ಡಿ ಪ್ಯಾಡ್ ಎತ್ತಿ ಸಂದು ಬಿಟ್ಟರೆ ಮಂದ್ರದ ಸ್ವರಗಳು ತೆಳ್ಳಗಾಗುತ್ತವೆ.

ಕನ್ನಡಕ ಹಾಕಿಕೊಂಡೇ ಇವನ್ನು ದಿನಾ ಎರಡು ಮೂರು ಗಂಟೆ ಬಳಸುವವರು ಯಾರಾದರೂ ಇದ್ದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಸುಮ್ನೆ ‘ಇದು ಬೆಸ್ಟ್’ ಅನ್ನುವುದಕ್ಕಿಂತ ನೆತ್ತಿ, ದವಡೆ, ಕಿವಿ ಎಲ್ಲಿ ನೋಯುತ್ತದೆ ಅಂತ ಹೇಳಿದರೆ ತುಂಬಾ ಉಪಕಾರ.