ಆರ್‌ವಿಯಲ್ಲೇ (ಮನೆಯಂತೆ ವಾಸಿಸಬಹುದಾದ ಗಾಡಿ) ವರ್ಷಪೂರ್ತಿ ಇರುವವರು ಇದ್ದೀರಾ?

ಪ್ರಶ್ನೆ: ನಾವಿಬ್ಬರೂ ಟೆಕ್ಸಾಸ್‌ನಲ್ಲಿದ್ದೇವೆ. ಮನೆ ಮಾರಿ ಆರ್‌ವಿಯಲ್ಲೇ ಇರುವ ಆಸೆ. ಚಳಿಗಾಲ ಎಲ್ಲಿ ಕಳೆಯುತ್ತೀರಿ? ನೀರಿಗೆ ಏನು ಮಾಡುತ್ತೀರಿ?

ಉತ್ತರ: ನಮಗಿದು ಮೂರನೇ ವರ್ಷ. ಚಳಿಗಾಲವೆಲ್ಲ ಅರಿಜೋನಾದ ಕ್ವಾರ್ಟ್ಸೈಟ್ ಹತ್ತಿರದ ಮರುಭೂಮಿಯಲ್ಲಿ. ಅಲ್ಲಿನ ಸರ್ಕಾರಿ ಬಯಲಲ್ಲಿ ಗಾಡಿ ನಿಲ್ಲಿಸಿಕೊಂಡು ಇರಲು ಒಂದೇ ಪಾಸ್, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ. ಬೇರೆ ಕಡೆಯ ಸರ್ಕಾರಿ ಬಯಲಲ್ಲಿ ಸಾಮಾನ್ಯವಾಗಿ 14 ದಿನ ಅಷ್ಟೇ ಇರಬಹುದು. ನೀರಿನ ವಿಷಯವೇ ಕಷ್ಟ. ನಮ್ಮ ಟ್ಯಾಂಕ್ 40 ಗ್ಯಾಲನ್, ಸುಮಾರು 150 ಲೀಟರ್. ಮೊದಲು ನಾಲ್ಕೇ ದಿನಕ್ಕೆ ಖಾಲಿಯಾಗುತ್ತಿತ್ತು. ಈಗ ಅಕ್ಕಿ ತೊಳೆದ ನೀರಲ್ಲೇ ತಟ್ಟೆಗಳ ಮೊದಲ ತೊಳೆತ. ಹತ್ತು ದಿನ ಬರುತ್ತದೆ.

ಇನ್ನೊಬ್ಬರು: ಅಕ್ಕಾ, ದೋಸೆ ಹಿಟ್ಟು ರುಬ್ಬೋಕೆ ಸೋಲಾರ್ ಸಾಕಾಗುತ್ತಾ?

ಉತ್ತರ: ಮಧ್ಯಾಹ್ನ ಬಿಸಿಲಿದ್ದಾಗ ಮಾತ್ರ ಮಿಕ್ಸಿ ಹಾಕುತ್ತೇನೆ. ರಾತ್ರಿ ಚಳಿ ಜಾಸ್ತಿ ಅಲ್ವಾ, ಪಾತ್ರೆಗೆ ನಮ್ಮವರ ಸ್ವೆಟರ್ ಸುತ್ತಿಡುತ್ತೇನೆ. ಬೆಳಿಗ್ಗೆ ಚೆನ್ನಾಗಿ ಉಬ್ಬಿರುತ್ತದೆ.