2 ತಿಂಗಳ ಮರಿನ ಥೆರಪಿ ಡಾಗ್ ಮಾಡ್ಬೇಕಂದ್ರ ಈಗಿಂದ ಏನ್ ಮಾಡ್ಬೇಕ್ರಿ ಡಾಕ್ಟರ್?

ಪ್ರಶ್ನೆ (ಕೋಥರೂಡ, ಪುಣೆ):
ನಮಸ್ಕಾರ್ರೀ ಡಾಕ್ಟರ್. ನಮ್ಮನ್ಯಾಗ 9 ವಾರದ ಲ್ಯಾಬ್ರಡಾರ್ ಮರಿ ಐತ್ರಿ, ಬಣ್ಣ ನೋಡಿ ಮಗಳು ಪೇಡಾ ಅಂತ ಹೆಸರಿಟ್ಟಾಳ, ನಾವು ಧಾರವಾಡದವ್ರು ನೋಡ್ರಿ. ನಾನು ಐತವಾರಕ್ಕೊಮ್ಮೆ ಇಲ್ಲೇ ಹತ್ರದ ವೃದ್ಧಾಶ್ರಮಕ್ಕ ಹೋಗ್ತೀನಿ. ಅಲ್ಲಿ ಗದಗ ಕಡೆಯ ಅಜ್ಜಿ ಒಬ್ರು ಅದಾರ, ಮರೆವಿನ ಕಾಯಿಲೆ, ಯಾರ ಜೋಡಿನೂ ಮಾತಿಲ್ಲ. ಹ್ವಾದ ತಿಂಗಳ ಗೇಟಿನ್ಯಾಗ ಒಂದು ಬೀದಿನಾಯಿ ಬಂದು ನಿಂತಾಗ ಕೈ ಚಾಚಿ "ಬಾರೋ ನನ್ನಪ್ಪಾ, ರೊಟ್ಟಿ ತಿಂದಿ?" ಅಂದ್ರು, ನನಗ ಕಣ್ಣಾಗ ನೀರ ಬಂತ್ರಿ. ಪೇಡಾನ್ನ ಅಲ್ಲಿಗೆ ಕರ್ಕೊಂಡು ಹೋಗೂದ ಅಂತ ಅವತ್ತ ಠರಾವ್ ಮಾಡೀನಿ. ಒಂದು ಇಂಜೆಕ್ಷನ್ ಆಗೇತಿ. ಪಕ್ಕದ ಮನಿಯವ್ರು 4 ತಿಂಗಳ ತನಕ ಹೊರಗ ತರಬ್ಯಾಡ್ರಿ ಅಂತಾರ, ಟ್ರೇನರ್ ಒಬ್ರು 6 ತಿಂಗಳಾದ ಮ್ಯಾಲೆ ಚೋಕ್ ಚೈನ್ (ಎಳೆದ್ರ ಕುತ್ತಿಗಿ ಬಿಗಿಯೂ ಸರಪಳಿ) ಹಾಕಿ ಕಲಿಸೂಣು ಅಂತಾರ. ಕೈ ಬ್ಯಾರೆ ಕಚ್ತೈತಿ. ಯಾರ ಮಾತ ಕೇಳ್ಲಿ?

ಉತ್ತರ (ವೆಟ್, ಪುಣೆ):
ಅಕ್ಕ, ಆ ಅಜ್ಜಿ ವಿಷಯ ಓದಿ ತುಂಬಾ ಖುಷಿಯಾಯ್ತು. ಈ ಥೆರಪಿ ಡಾಗ್, ಅಂದ್ರೆ ಆಸ್ಪತ್ರೆ, ಆಶ್ರಮಕ್ಕೆ ಹೋಗಿ ಜನರಿಗೆ ಸಮಾಧಾನ ಕೊಡೋ ನಾಯಿ, ಅನ್ನೋದು ಶುರುವಾಗಿದ್ದೂ ಹೆಚ್ಚುಕಮ್ಮಿ ಹೀಗೇನೇ, ಅಮೆರಿಕದಲ್ಲಿ ಬೋರಿಸ್ ಲೆವಿನ್ಸನ್ ಅಂತ ಮಕ್ಕಳ ಮನಶ್ಶಾಸ್ತ್ರಜ್ಞರು, ಯಾರ ಹತ್ರನೂ ಬೆರೀದೇ ಇದ್ದ ಒಬ್ಬ ಹುಡುಗ ಅವ್ರ ನಾಯಿ ಜಿಂಗಲ್ಸ್ ಜೊತೆ ಹೊಂದ್ಕೊಂಡಿದ್ದು ನೋಡಿ, 1962ರಲ್ಲಿ ಅದರ ಬಗ್ಗೆ ಲೇಖನ ಬರೆದ್ರು.

ಈಗ ಪೇಡಾ ವಿಷಯ. 6 ತಿಂಗಳು ಕಾಯಬೇಡಿ, ಚೋಕ್ ಚೈನ್ ಅಂತೂ ಮನೆ ಒಳಗೇ ತರಬೇಡಿ. ಮರಿಗೆ 3ನೇ ವಾರದಿಂದ 12-14ನೇ ವಾರದ ತನಕ ಒಂದು ಕಾಲ ಇರತ್ತೆ, ಆವಾಗ ನೋಡಿದ್ದು ಕೇಳಿದ್ದು ಮೂಸಿದ್ದೆಲ್ಲ ಅದಕ್ಕೆ ಸಹಜ ಅನ್ನಿಸಿಬಿಡತ್ತೆ, ಆಮೇಲೆ ಎದುರಾಗೋ ಹೊಸದಕ್ಕೆಲ್ಲ ಮೊದಲು ಹೆದರಿಕೆನೇ. ಅಂದ್ರೆ ನಿಮಗೆ ಉಳಿದಿರೋದು ಮೂರರಿಂದ ಐದು ವಾರ. ಹಂಗಂತ ಪಕ್ಕದ್ಮನೆಯವ್ರ ಮಾತೂ ಸುಳ್ಳಲ್ಲ, ಮರಿಗಳಿಗೆ ಜೀವಕ್ಕೇ ಅಪಾಯ ತರೋ ವಾಂತಿ-ಭೇದಿಯ ಪಾರ್ವೋ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಇರತ್ತೆ. ಅದಕ್ಕೇ ನೆಲಕ್ಕೆ ಬಿಡದೆ ಎತ್ಕೊಂಡು ಓಡಾಡಿ. ಸೊಸೈಟಿ ಬೆಂಚ್ ಮೇಲೆ ತೊಡೆ ಮೇಲಿಟ್ಕೊಂಡು ಕೂತ್ಕೊಳ್ಳಿ, ಸ್ಕೂಲ್ ಬಸ್ಸು, ರೇನ್‌ಕೋಟ್ ಹಾಕ್ಕೊಂಡವ್ರು, ಕೋಲು ಹಿಡಿದ ಅಜ್ಜಂದ್ರು ಎಲ್ಲ ಕಾಣ್ಲಿ. ಗಣಪತಿ ಹತ್ರ ಬಂತು, ನದಿ ಕಡೆ ಢೋಲ್ ಪಥಕದ (ಢೋಲ್ ಬಾರಿಸೋ ತಂಡ) ಪ್ರ್ಯಾಕ್ಟೀಸ್ ನಡೀತಾ ಇರತ್ತಲ್ಲ, ಅದು ಸಣ್ಣಗೆ ಕೇಳೋ ಅಷ್ಟು ದೂರದಲ್ಲಿ ನಿಂತು ತಿನ್ನಿಸಿ. ಕಿವಿ ಹಿಂದಕ್ಕೆ ಹೋಗಿ ತಿನ್ನೋದು ನಿಲ್ಲಿಸಿದ್ರೆ ಇನ್ನೂ ದೂರ ಹೋಗಿ. ಇಂಜೆಕ್ಷನ್ 3-4 ವಾರಕ್ಕೊಂದರಂತೆ 16 ವಾರದ ತನಕ, ರೇಬಿಸ್‌ದು 3 ತಿಂಗಳಿಗೆ. ಲೆಪ್ಟೋ (ಲೆಪ್ಟೋಸ್ಪೈರೋಸಿಸ್) ಇಂಜೆಕ್ಷನ್ ತಪ್ಪಿಸಬೇಡಿ, ಮಳೆಗಾಲದಲ್ಲಿ ಇಲಿ ಮೂತ್ರ ಸೇರಿದ ನೀರಿಂದ ನಾಯಿಗೆ ಬಂದು ಅದರಿಂದ ಮನುಷ್ಯರಿಗೂ ಹರಡೋ ರೋಗ ಅದು, ನಾಳೆ ಇವನು ಹೋಗೋದು ವಯಸ್ಸಾದವ್ರ ಮಧ್ಯೆ.

ಇವನ ಮುಖ್ಯ ಕೆಲಸ ಮುಟ್ಟಿಸಿಕೊಳ್ಳೋದು. ವಯಸ್ಸಾದ ಕೈ ನಡುಗತ್ತೆ, ಕಿವಿ ಹಿಡಿದ್ರೆ ಬಿಡೋದು ಗೊತ್ತಾಗಲ್ಲ. ದಿನಾ ಊಟಕ್ಕೆ ಮುಂಚೆ ಎರಡೇ ನಿಮಿಷ ಕೂತ್ಕೊಂಡು ಒಂದು ಕಿವಿ ಮೆತ್ತಗೆ ಹಿಡೀರಿ, ಬಿಡಿ, ನಾಯಿ ತಿಂಡಿಯ ಒಂದು ಕಾಳು ಕೊಡಿ. ಪಂಜ ಅಂಗೈಲಿ ತಗೊಂಡು ಒಂದೊಂದೇ ಬೆರಳು ಬಿಡಿಸಿ, ಕಾಳು. ಬಾಲದ ಬುಡ, ಕಾಳು. ಮೊದಲು ಮುಟ್ಟೋದು ಆಮೇಲೆ ತಿಂಡಿ, ಈ ಕ್ರಮ ಉಲ್ಟಾ ಆಗ್ಬಾರ್ದು. ಮುಖ ಆಕಡೆ ತಿರುಗಿಸಿದ್ರೆ, ತುಟಿ ನೆಕ್ಕಿದ್ರೆ, ನಿದ್ದೆ ಬರದೇ ಇದ್ರೂ ಆಕಳಿಸಿದ್ರೆ, ಕಣ್ಣಿನ ಬಿಳಿ ಕಂಡ್ರೆ ತಕ್ಷಣ ಬಿಟ್ಬಿಡಿ, ಸಾಕು ಅಂತ ಹೇಳ್ತಿದ್ದಾನೆ ಅಂತ ಅರ್ಥ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಮೊದಲ ನಾಯಿನ 10 ತಿಂಗಳಿಗೇ ಒಂದು ವಾರ್ಡಿಗೆ ಕರ್ಕೊಂಡು ಹೋದೆ, ಬಾಗಿಲಲ್ಲೇ ಆಕಳಿಸ್ತಿದ್ದಳು, ನಾನು ಗಮನ ಕೊಡಲಿಲ್ಲ. ಪಕ್ಕದಲ್ಲಿ ವಾಕರ್ ದಢಾರ್ ಅಂತ ಬಿತ್ತು, ಮಂಚದ ಕೆಳಗೆ ನುಗ್ಗಿದವಳು ಅರ್ಧ ಗಂಟೆ ಈಚೆ ಬರಲಿಲ್ಲ. ಮತ್ತೆ ಯಾವ ವಾರ್ಡಿಗೂ ಅವಳು ಮನಸ್ಸಿಂದ ಕಾಲಿಡಲಿಲ್ಲ, ಅದು ಇವತ್ತಿಗೂ ನನಗೆ ನೋವಿದೆ. ಅಮೆರಿಕದ ಪೆಟ್ ಪಾರ್ಟ್‌ನರ್ಸ್ ಥರದ ಥೆರಪಿ ಡಾಗ್ ಸಂಸ್ಥೆಗಳು 1 ವರ್ಷ ತುಂಬದ ನಾಯಿನ ತಗೊಳ್ಳೋದೇ ಇಲ್ಲ, ಅದೇ ಸರಿ.

ಕಚ್ಚೋದಕ್ಕೆ ಹಾಲುಹಲ್ಲು ಕಾರಣ, 6-7 ತಿಂಗಳೊಳಗೆ ಎಲ್ಲ ಬಿದ್ದು ಹೊಸ ಹಲ್ಲು ಬರತ್ತೆ. ಹಲ್ಲು ತಾಗಿದ ಕೂಡ್ಲೇ ಆಟ ನಿಲ್ಲಿಸಿ ಎದ್ದು ನಿಲ್ಲಿ, ಫ್ರೀಜರಲ್ಲಿಟ್ಟ ಒದ್ದೆ ಬಟ್ಟೆ ಅಗಿಯೋಕೆ ಕೊಡಿ. ಮೂತಿಗೆ ಮಾತ್ರ ಹೊಡೀಬೇಡಿ, ಕೈ ಅಂದ್ರೆ ಭಯ ಬಂದ್ಬಿಟ್ರೆ ಮುಗೀತು.

ಕಾಮೆಂಟ್ (ಠಾಣೆ):
ಸರ್, ನಮ್ಮದು ಬೀದಿಯಿಂದ ತಂದ ಹೆಣ್ಣುನಾಯಿ, 3 ವರ್ಷ, ಬಹಳ ಸಾಧು. ಇಂಥವು ಆಗಲ್ವಾ?

ಉತ್ತರ:
ಖಂಡಿತ ಆಗತ್ತೆ, ತಳಿ ಮುಖ್ಯ ಅಲ್ಲ. ಅಪರಿಚಿತರ ಹತ್ರ ತಾನಾಗೇ ಹೋಗಿ ನಿಂತ್ಕೋತಾಳಾ ನೋಡಿ, ಬರೀ ಸಹಿಸ್ಕೊಳ್ತಾಳೆ ಅಂದ್ರೆ ಸಾಲದು. ಮುಂಬೈ ಕಡೆ ಅನಿಮಲ್ ಏಂಜಲ್ಸ್ ಫೌಂಡೇಶನ್‌ನವ್ರು ಈ ಕೆಲಸ ಮಾಡ್ತಾರೆ, ಕೇಳಿ ನೋಡಿ.

ಪ್ರಶ್ನೆ ಕೇಳಿದವರು:
ಭಾಳ ಉಪಕಾರ ಆತ್ರಿ. ಸಂಜಿಗೆ ಎತ್ಕೊಂಡು ಹೋಗಿದ್ದೆ, ಢೋಲ್ ಕೇಳಿ ಒಮ್ಮೆ ತಲಿ ಎತ್ತಿದ, ಆಮ್ಯಾಲೆ ಕಾಳು ತಿಂದು ತೋಳಮ್ಯಾಲೇ ನಿದ್ದಿ ಹೋದ. ಒಂದು ಮಾತ್ರಿ, ಆಶ್ರಮದಾಗ ಹಳೇ ವಾಕರ್ ಒಂದು ಮೂಲ್ಯಾಗ ಬಿದ್ದೈತಿ, ಕೇಳಿ ಮನಿಗೆ ತರ್ಲೇನ್ರಿ?

ಉತ್ತರ:
ತನ್ನಿ ಅಕ್ಕ, ಚೆನ್ನಾಗಿ ತೊಳೆದು ಒರೆಸಿ. ಮೊದಲ ದಿನ ಅಡ್ಡ ಮಲಗಿಸಿ ಸುತ್ತ ನಾಲ್ಕು ಕಾಳು ಹಾಕಿ ನೀವು ದೂರ ಕೂತ್ಕೊಳ್ಳಿ, ಅವನೇ ಹೋಗಿ ಮೂಸಲಿ. ಎರಡು ಮೂರು ದಿನ ಬಿಟ್ಟು ನಿಲ್ಲಿಸಿ, ಆಮೇಲೆ ಹಿಡ್ಕೊಂಡು ಒಂದೇ ಹೆಜ್ಜೆ ನಡೀರಿ. ಟೈಲ್ಸ್ ಮೇಲೆ ಕಾಲು ಜಾರತ್ತೆ, ಕೆಳಗೊಂದು ಜಮಖಾನೆ ಹಾಸಿ.