ಓದುಗರ ಸ್ಪಂದನ: ಮಗುವಿಗೆ ಸೂಜಿ ಚುಚ್ಚುವಾಗ ಅಮ್ಮ ಯಾಕೆ ಹೊರಗಿರಬೇಕು?

ಶಿವಮೊಗ್ಗದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ‘ಹುಟ್ಟಿದ ಮಗುವಿಗೆ ಕಾಮಾಲೆ ಆಗಿ ನೀಲಿ ಲೈಟಿನಡಿ ಇಟ್ಟಿದ್ದರು. ರಕ್ತ ತೆಗೆಯಲು ಹಿಮ್ಮಡಿ ಚುಚ್ಚುವಾಗಲೆಲ್ಲ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಬಾಗಿಲಾಚೆ ನಿಂತು ಆ ಅಳು ಕೇಳಬೇಕಿತ್ತು. ಈಗ ಆರು ವಾರದ ಲಸಿಕೆ ಬಂತು. ನೋವು ಕಡಿಮೆ ಮಾಡಲು ಏನಾದರೂ ದಾರಿ ಇದೆಯಾ?’

ನರ್ಸ್, ಮೈಸೂರು

ತಾಯಿಯನ್ನು ಹೊರಗೆ ಕಳಿಸುವುದು ಎಷ್ಟೋ ಕಡೆ ಬರೀ ರೂಢಿ. ಅಮ್ಮ ಅತ್ತರೆ ನಮ್ಮ ಕೈ ನಡುಗುತ್ತದೆ, ಅಷ್ಟೇ. ಲಸಿಕೆ ದಿನ ಒಳಗೆ ಹೋದ ಕೂಡಲೇ ಹೇಳಿಬಿಡಿ, ‘ಸಿಸ್ಟರ್, ಹಾಲು ಕುಡಿಸ್ತಾ ಇರ್ತೀನಿ, ಆಗಲೇ ಕೊಡಿ’ ಅಂತ. ಮುಜುಗರ ಬೇಡ, ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೀಗೆ ಮಾಡಿ ಎಂದಿದೆ. ಎರಡು ಮೂರು ನಿಮಿಷ ಮೊದಲೇ ಎದೆಗೆ ಹಾಕಿ. ಮಗು ಚೆನ್ನಾಗಿ ಚೀಪಲು ಶುರು ಮಾಡಿದ ಮೇಲೆ ಸೂಜಿ. ಆಮೇಲೂ ತಕ್ಷಣ ಬಿಡಿಸಬೇಡಿ.

ಸರ್ಕಾರಿ ಪಟ್ಟಿಯಲ್ಲಿ ಆರು ವಾರಕ್ಕೆ ಬಾಯಿಗೆ ಹನಿ, ಬಲ ತೋಳಿಗೆ ಐಪಿವಿ (ಪೋಲಿಯೊ ಚುಚ್ಚುಮದ್ದು), ಎಡ ತೊಡೆಗೆ ಪೆಂಟಾ (ಐದು ಕಾಯಿಲೆಗೆ ಒಂದೇ ಲಸಿಕೆ), ಬಲ ತೊಡೆಗೆ ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ). ಮಗುವನ್ನು ಅಡ್ಡ ಮಲಗಿಸಿಕೊಂಡು ಎಡ ಎದೆಗೆ ಹಾಕಿದರೆ ಅದರ ಎಡ ತೊಡೆ ಮೇಲ್ಗಡೆಗೆ ಬರುತ್ತದೆ. ಪೆಂಟಾ ಆದ ಮೇಲೆ ಬಲಕ್ಕೆ ಬದಲಿಸಿ. ಪಿಸಿವಿ ನೋವು ಜಾಸ್ತಿ, ಅದನ್ನು ಕೊನೆಗೆ ಕೊಡಲು ಕೇಳಿ. ಮುಂದೆ ಬಟನ್ ಇರುವ ಬಟ್ಟೆ ಹಾಕಿಕೊಂಡು ಹೋಗಿ.

ಒಬ್ಬ ಅಪ್ಪ, ಹುಬ್ಬಳ್ಳಿ

ನಮ್ಮ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಎನ್‌ಐಸಿಯುನಲ್ಲಿ (ಎಳೆ ಶಿಶುಗಳ ತೀವ್ರ ನಿಗಾ ಘಟಕ) ಹಾಲು ಕುಡಿಸುವ ಮಾತೇ ಇರಲಿಲ್ಲ, ಹೆಂಡತಿ ಇನ್ನೂ ವಾರ್ಡಿನಲ್ಲಿದ್ದಳು. ಅಲ್ಲಿನ ಸಿಸ್ಟರ್ ಒಬ್ಬರು ನನ್ನ ಕೈ ಹಿಡಿದು ಕಲಿಸಿದರು. ಒಂದು ಅಂಗೈ ತಲೆಯ ಮೇಲೆ. ಇನ್ನೊಂದರಲ್ಲಿ ಮಗುವಿನ ಕೈಕಾಲು ಮಡಚಿ ಹೊಟ್ಟೆಗೆ ತಾಗಿಸಿ ಹಿಡಿಯಬೇಕು, ರಕ್ತ ತೆಗೆಯುವ ಕಾಲೊಂದು ಬಿಟ್ಟು. ತಟ್ಟಬಾರದು, ಸವರಬಾರದು, ಸುಮ್ನೆ ಹಿಡಿದಿರಬೇಕು. ಚುಚ್ಚುವ ಎರಡು ನಿಮಿಷ ಮೊದಲು ನಾಲಿಗೆಗೆ ಗ್ಲುಕೋಸ್ ಹನಿ ಹಾಕುತ್ತಿದ್ದರು. ಅದನ್ನು ಅವರೇ ಅಳೆದು ಹಾಕಬೇಕು. ಮನೆಯಲ್ಲಿ ಸಕ್ಕರೆ ನೀರು ಕಲಸಲು ಹೋಗಬೇಡಿ.

ಅಜ್ಜಿ, ಶಿರಸಿ

ಮಗಳೇ, ಯಾರಾದರೂ ಜೇನು ನೆಕ್ಕಿಸು ಅಂದರೆ ಕೇಳಬೇಡ. ನಮ್ಮಲ್ಲೂ ಬಜೆ ತೇಯ್ದು ಜೇನಲ್ಲಿ ಕೊಡುವ ಪದ್ಧತಿ ಇತ್ತು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಅದರಲ್ಲಿ ಬೊಟುಲಿಸಂ ಅನ್ನುವ ಕಾಯಿಲೆ ತರುವ ಕ್ರಿಮಿ ಇರಬಹುದು ಎಂದು ಮೊಮ್ಮಗನ ಡಾಕ್ಟರು ಬಿಡಿಸಿ ಹೇಳಿದರು. ಎದೆಗೆ ಅಪ್ಪಿಕೋ, ಬಟ್ಟೆ ಅಡ್ಡ ಇಲ್ಲದೆ. ಸಣ್ಣಕೆ ಜೋಗುಳ ಹೇಳು. ರಾಗ ತಪ್ಪಿದರೆ ಅದಕ್ಕೇನು ಗೊತ್ತಾಗುತ್ತದೆ!

ನಿವೃತ್ತ ಮಕ್ಕಳ ವೈದ್ಯ, ಮಂಗಳೂರು

ಎಳೆ ಕೂಸಿಗೆ ನೋವೇ ತಿಳಿಯುವುದಿಲ್ಲ ಎಂದು ವೈದ್ಯರೇ ನಂಬಿದ್ದ ಕಾಲವಿತ್ತು. 1980ರ ದಶಕದಲ್ಲೂ ಎಷ್ಟೋ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಇಲ್ಲದೆ ಆಪರೇಷನ್ ಆಗುತ್ತಿತ್ತು. ಭಾರತ ಮೂಲದ ಡಾ. ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಆಪರೇಷನ್ ಸಮಯದಲ್ಲಿ ಫೆಂಟಾನಿಲ್ ಎಂಬ ಪ್ರಬಲ ನೋವು ನಿವಾರಕ ಪಡೆದ ಅವಧಿಪೂರ್ವ ಶಿಶುಗಳ ಮೈ ಕಡಿಮೆ ತತ್ತರಿಸಿತ್ತು, ತೊಡಕುಗಳೂ ಕಡಿಮೆಯಿದ್ದವು.

ಹಿಮ್ಮಡಿ ವಿಷಯ: ತಿಂಗಳು ತುಂಬಿ ಹುಟ್ಟಿದ ಮಗುವಾದರೆ, ಕೈ ಪಳಗಿದವರು ರಕ್ತನಾಳದಿಂದಲೇ ತೆಗೆದರೆ ನೋವು ಕಡಿಮೆ. ಹಿಮ್ಮಡಿಯಿಂದ ತೆಗೆಯುವಾಗ ಚುಚ್ಚಿದ್ದಕ್ಕಿಂತ ಹಿಂಡುವುದೇ ಹೆಚ್ಚು ನೋಯುತ್ತದೆ. ಒಂದೇ ಸಲಕ್ಕೆ ಎಲ್ಲ ಪರೀಕ್ಷೆಗೂ ರಕ್ತ ತೆಗೆಯಬಹುದಾ ಎಂದು ಕೇಳುವ ಹಕ್ಕು ನಿಮಗಿದೆ. ಇನ್ನೊಂದು: ಲಸಿಕೆಗೆ ಮುಂಚೆಯೇ ಪ್ಯಾರಾಸಿಟಮಾಲ್ ಹನಿ ಕುಡಿಸಿಕೊಂಡು ಬರಬೇಡಿ.

ಹೆಸರು ಬೇಡ, ತುಮಕೂರು

ಎಲ್ಲರೂ ‘ಜೊತೆಗಿರಿ’ ಅನ್ನುತ್ತಾರೆ. ನನಗೆ ಸೂಜಿ ಕಂಡರೇ ಕಣ್ಣು ಕತ್ತಲೆ ಬರುತ್ತದೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಗುರುವಾರ. ಅವತ್ತು ನನ್ನ ತಂಗಿ ಮಗುವನ್ನು ತೊಡೆ ಮೇಲೆ ಕೂರಿಸಿ ಅಪ್ಪಿ ಹಿಡಿದುಕೊಳ್ಳುತ್ತಾಳೆ. ನಾನು ಪಕ್ಕದ ಬೆಂಚಲ್ಲಿ ಬೇರೆ ಕಡೆ ನೋಡುತ್ತಾ ಕೂತಿರುತ್ತೇನೆ. ಮುಗಿದ ಕೂಡಲೇ ಕೈಗೆ ತಗೊಂಡು ಹಾಲು ಕೊಡುತ್ತೇನೆ. ನಿಮಗೂ ಹಾಗೇ ಆದರೆ ಮನೆಯಲ್ಲಿ ಧೈರ್ಯ ಇರುವವರನ್ನು ಕರೆದುಕೊಂಡು ಹೋಗಿ. ಅತ್ತೆ ಏನಾದರೂ ಅಂದರೆ ಅವರ ಕೈಗೇ ಮಗು ಕೊಡಿ, ಅವರೇ ಹಿಡಿದುಕೊಳ್ಳಲಿ!